3.125 ಕಿಲೋನ್ಯೂಟನ್ ಅಂದರೆ ಎಷ್ಟು ಕೆಜಿ? ಭಾನುವಾರ ಮೋಲ್ಡ್ ಇದೆ

ಪ್ರಶ್ನೆ (ಹಾಸನದ ಟೀಚರ್)

ನಾನು ನಿವೃತ್ತ ಶಾಲಾ ಶಿಕ್ಷಕಿ. ಹಳೇ ಮನೆ ಮೇಲೆ ಒಂದು ಮಹಡಿ ಎಬ್ಬಿಸ್ತಿದ್ದೀನಿ. ಗೋಡೆ ಮುಗಿದಿದೆ, ಭಾನುವಾರ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) ಹಾಕ್ತಾರೆ. 30 ಅಡಿ ಉದ್ದ, 24 ಅಡಿ ಅಗಲ, 5 ಇಂಚು ದಪ್ಪ.

ಮೇಸ್ತ್ರಿ ಹೇಳ್ತಾರೆ, "ಮೇಡಂ, 21 ಟನ್ ಮೇಲೆ ಕೂರುತ್ತೆ". ಎಂಜಿನಿಯರ್ ಕೊಟ್ಟ ಹಾಳೆಯಲ್ಲಿ ಸ್ಲ್ಯಾಬಿನ ಸ್ವಂತ ತೂಕ 3.125 ಕಿಲೋನ್ಯೂಟನ್ ಅಂತ ಬರೆದಿದೆ. 21 ಎಲ್ಲಿ, 3 ಎಲ್ಲಿ? ಡಿಪ್ಲೊಮಾ ಓದ್ತಿರುವ ಅಣ್ಣನ ಮಗನನ್ನ ಕೇಳಿದರೆ, "ಅತ್ತೆ, ಒಂದು ಘನ ಮೀಟರ್ ಕಾಂಕ್ರೀಟಿನ 2500 ಕೆಜಿಯನ್ನ ಗುರುತ್ವದ 9.81ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 24.5 ಕಿಲೋನ್ಯೂಟನ್ ಬರುತ್ತೆ, ಅವರು 25 ಹಿಡಿದಿದ್ದಾರೆ, ಅದೇ ತಪ್ಪು" ಅಂತಾನೆ. ಮೂವರಲ್ಲಿ ಯಾರ ಮಾತು ಹಿಡೀಲಿ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1 (ಹುಬ್ಬಳ್ಳಿಯಿಂದ)

ಅಕ್ಕಾರ, ಮೇಸ್ತ್ರಿ ಹೇಳಿದ್ದು ಖರೇ ಐತ್ರೀ. 30 ಇಂಟು 24 ಅಂದ್ರ 720 ಚದರ ಅಡಿ. 5 ಇಂಚು ದಪ್ಪಕ್ಕ 300 ಸಿಎಫ್‌ಟಿ, ಅಂದ್ರ ಘನ ಅಡಿ, ಆತು. ನಮ್ಮ ಕಡೆ 100 ಸಿಎಫ್‌ಟಿಗೆ ಒಂದ್ ಬ್ರಾಸ್ ಅಂತೀವಿ, ನಿಮ್ದು 3 ಬ್ರಾಸ್. ಕಂಬಿ ಸೇರಿದ ಕಾಂಕ್ರೀಟ್ ಒಂದ್ ಬ್ರಾಸಿಗೆ 7 ಟನ್ ಹಿಡೀರಿ, 21 ಆಗ್ತದ. ಆದ್ರ ಮರಳಿನ ಬ್ರಾಸಿಗೆ ಈ ತೂಕ ಹಾಕಬ್ಯಾಡ್ರಿ, ಸಡಿಲ ಮರಳು ಇದಕ್ಕಿಂತ ಭಾಳ ಹಗುರ.

ಉತ್ತರ 2 (ಮೈಸೂರು, ಸೈಟ್ ಎಂಜಿನಿಯರ್)

ಮೇಡಂ, ನಿಮ್ಮ ಮೂವರ ಅಂಕಿಗಳೂ ಸರಿಯೇ. ಹಾಳೆಯನ್ನ ಇನ್ನೊಂದು ಸಲ ನೋಡಿ, 3.125 ಪಕ್ಕದಲ್ಲಿ "ಪ್ರತಿ ಚದರ ಮೀಟರ್‌ಗೆ" ಅಂತ ಸಣ್ಣದಾಗಿ ಇರಬೇಕು. ಅದು ಇಡೀ ಸ್ಲ್ಯಾಬಿನ ತೂಕ ಅಲ್ಲ, ಒಂದು ಚದರ ಮೀಟರ್ ತುಂಡಿನದು. 125 ಮಿಲಿಮೀಟರ್ ದಪ್ಪ ಅಂದರೆ 0.125 ಮೀಟರ್, ಅದನ್ನ 25ರಿಂದ ಗುಣಿಸಿದ್ದಾರೆ. ನಿಮ್ಮ 720 ಚದರ ಅಡಿ ಅಂದರೆ ಸುಮಾರು 66.9 ಚದರ ಮೀಟರ್. 3.125ರಿಂದ ಗುಣಿಸಿ, 209 ಕಿಲೋನ್ಯೂಟನ್. ಟನ್‌ಗೆ ತಿರುಗಿಸಿದರೆ 21.3.

ಕೆಜಿ ಅಂದರೆ ವಸ್ತು ಎಷ್ಟಿದೆ ಅಂತ, ನ್ಯೂಟನ್ ಅಂದರೆ ಅದನ್ನ ಭೂಮಿ ಎಷ್ಟು ಬಲವಾಗಿ ಎಳೀತಿದೆ ಅಂತ. ಕಂಬ, ತೊಲೆಗೆ ತಟ್ಟುವುದು ಆ ಬಲ, ಅದಕ್ಕೇ ನಮ್ಮ ಲೆಕ್ಕವೆಲ್ಲ ಕಿಲೋನ್ಯೂಟನ್‌ನಲ್ಲಿ. ನಾನು ಹೊಸ ಹುಡುಗರಿಗೆ ಹೀಗೆ ಹೇಳಿಕೊಡ್ತೀನಿ: 50 ಕೆಜಿಯ ಎರಡು ಮೂಟೆ ಸಿಮೆಂಟ್ ಹೆಚ್ಚುಕಮ್ಮಿ ಒಂದು ಕಿಲೋನ್ಯೂಟನ್. ಸರಿಯಾಗಿ ಹೇಳಬೇಕಂದರೆ 102 ಕೆಜಿ. ಅಲ್ಲಿಗೆ ನಿಮ್ಮ ಸ್ಲ್ಯಾಬಿನ ಪ್ರತಿ ಚದರ ಮೀಟರ್ 319 ಕೆಜಿ, ಆರು ಮೂಟೆ ಇಟ್ಟು ಮೇಲೆ ಇನ್ನೊಂದು ಸ್ವಲ್ಪ.

ಅಣ್ಣನ ಮಗನ 24.5 ಕೂಡ ತಪ್ಪಲ್ಲ. ಆದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರಲ್ಲೇ ಬರೀ ಕಾಂಕ್ರೀಟಿಗೆ 24, ಕಂಬಿ ಹಾಕಿದ್ದಕ್ಕೆ 25 ಕಿಲೋನ್ಯೂಟನ್ ಪ್ರತಿ ಘನ ಮೀಟರ್‌ಗೆ ಅಂತ ಕೊಟ್ಟಿದೆ. ಉಕ್ಕು ಘನ ಮೀಟರ್‌ಗೆ 7850 ಕೆಜಿ. 2400 ಕೆಜಿ ಕಾಂಕ್ರೀಟಿನಲ್ಲಿ ಗಾತ್ರದ ನೂರಕ್ಕೆ ಒಂದು ಪಾಲು ಉಕ್ಕು ಸೇರಿದರೆ 2455 ಆಗುತ್ತೆ, ಎರಡು ಪಾಲು ಸೇರಿದರೆ 2509. 25 ಹಿಡಿದರೆ ಸ್ವಲ್ಪ ಜಾಸ್ತಿ ಕಡೆಗೇ ನಿಲ್ಲುತ್ತೀವಿ, ಮನೆ ವಿಷಯದಲ್ಲಿ ಹಾಗೇ ಇರಬೇಕು.

ಈಗ ನಾನು ಕೇಳೋದಕ್ಕೆ ಉತ್ತರ ಕೊಡಿ. ಹೊಸ ಸ್ಲ್ಯಾಬಿನ ಹಲಗೆ ಹೊತ್ತ ಸೆಂಟ್ರಿಂಗ್ ಜಾಕಿಗಳು ನಿಂತಿರೋದು ಕೆಳಮನೆಯ ಹಳೇ ಮೋಲ್ಡಿನ ಮೇಲೆ ಅಲ್ವಾ? ಹೊಸ ಕಾಂಕ್ರೀಟ್ ಗಟ್ಟಿಯಾಗೋವರೆಗೂ ಆ 319 ಕೆಜಿಯಲ್ಲಿ ಹೆಚ್ಚಿನ ಪಾಲು ಜಾಕಿ ಮೂಲಕ ಅಲ್ಲಿಗೇ ಇಳಿಯುತ್ತೆ. ವಾಸದ ಕೋಣೆಯ ನೆಲಕ್ಕೆ ನಾವು ಬಳಕೆಯ ಭಾರ ಅಂತ ಹಿಡಿಯೋದು ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಅಂದರೆ 204 ಕೆಜಿ. ಬರೀ ಓಡಾಡುವ ತಾರಸಿ ಅಂತ ಮಾಡಿದ್ದರೆ 1.5, ಅಂದರೆ 153 ಕೆಜಿ. 319ರ ಪಕ್ಕ ಇಟ್ಟು ನೋಡಿ. ಇದರ ಮೇಲೆ ಹಲಗೆ, ಜಾಕಿ, ಕಾಂಕ್ರೀಟ್ ಹಾಕುವ ಜನ ಬೇರೆ. ಹಳೇ ಮೋಲ್ಡಿನಲ್ಲಿ ಸುರಕ್ಷತೆಗೆ ಅಂತ ಇಟ್ಟ ಹೆಚ್ಚುವರಿ ಶಕ್ತಿ ಇರುತ್ತೆ, ನಿಜ. ಆದರೆ ಅದನ್ನ ಒಂದು ಭಾನುವಾರಕ್ಕೆ ಖರ್ಚು ಮಾಡಬಾರದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡೆ ಇದನ್ನ ಯಾರೂ ಯೋಚನೆ ಮಾಡಿರಲಿಲ್ಲ. ಮೇಲೆ ಕಾಂಕ್ರೀಟ್ ಚೆನ್ನಾಗೇ ಬಂತು. ವಾರ ಕಳೆದು ನೋಡಿದರೆ ಕೆಳಗಿನ ಹಾಲ್‌ನ ಸೀಲಿಂಗಿನ ನಟ್ಟನಡುವೆ ಬಿರುಕು. ಆ ಮನೆಯ ಅಜ್ಜಿ ದಿನಾ ಅದನ್ನೇ ನೋಡ್ತಾ ಕೂತಿರ್ತಿದ್ದರು, ನನಗೆ ಇವತ್ತಿಗೂ ಮರೆತಿಲ್ಲ. ಕೆಳಮನೆಯಲ್ಲೂ ಜಾಕಿ ಕೊಡಿಸಿ, ಮೇಲಿನ ಜಾಕಿಯ ನೇರಕ್ಕೇ. ನಿಮ್ಮ ಎಂಜಿನಿಯರ್ ಬಂದು ನೋಡಿ ಹೂಂ ಅನ್ನಲಿ.

ಇನ್ನೊಂದು, ಕಾಂಕ್ರೀಟನ್ನ ಒಂದೇ ಕಡೆ ಗುಡ್ಡೆ ಸುರಿಯೋಕೆ ಬಿಡಬೇಡಿ. ಎರಡು ಅಡಿ ಗುಡ್ಡೆಯ ಕೆಳಗೆ ಚದರ ಅಡಿಗೆ 135 ಕೆಜಿ ದಾಟುತ್ತೆ. ಹರಡಿದ ಮೇಲೆ ಇರೋದು 30ರ ಒಳಗೆ.

ಹಾಸನದ ಟೀಚರ್

ಸರ್, ಹೌದು, ಹಳೇ ಮೋಲ್ಡಿನ ಮೇಲೇ ನಿಂತಿವೆ. ಕೆಳಗೆ ಒಂದೂ ಕೊಟ್ಟಿರಲಿಲ್ಲ. "ಪ್ರತಿ ಚದರ ಮೀಟರ್" ಅಂತಲೂ ಇದೆ, ಮಡಿಕೆಯಲ್ಲಿ ಅಳಿಸಿಹೋಗಿತ್ತು.

ಜಾಕಿಗಳ ನಡುವಿನ ಅಂತರ ಅಳೆದೆ, ನಾಲ್ಕು ನಾಲ್ಕು ಅಡಿ. ಒಂದೊಂದು ಜಾಕಿಗೆ 16 ಚದರ ಅಡಿ ಬರುತ್ತೆ, ಚದರ ಅಡಿಗೆ 29.5 ಕೆಜಿಯಂತೆ 472 ಕೆಜಿ. ಲೆಕ್ಕ ಸರಿಯೇ?

ಉತ್ತರ 2

ಸರಿಯಾಗಿದೆ ಮೇಡಂ. ಅದು ಕಾಂಕ್ರೀಟ್ ಒಂದರದ್ದೇ. ಮೂರು ಅಡಿಗೆ ತಂದರೆ 9 ಚದರ ಅಡಿ, 265 ಕೆಜಿ.

ಹಾಸನದ ಟೀಚರ್

ಇವತ್ತು ಎಂಜಿನಿಯರ್, ಮೇಸ್ತ್ರಿ ಇಬ್ಬರನ್ನೂ ಕೂರಿಸಿ ಈ ಲೆಕ್ಕ ತೋರಿಸಿದೆ. ಎಂಜಿನಿಯರ್ ಒಪ್ಪಿದರು, ಮೂರು ಅಡಿಗೆ ತರಲು ಹೇಳಿದರು. ಮೇಸ್ತ್ರಿ ಮರುಮಾತಿಲ್ಲದೆ ಜಾಕಿ ತರಿಸಿದ್ದಾರೆ. ಹಾಲ್‌ನಲ್ಲಿದ್ದ ಮಂಚ, ಬೀರು ಎಲ್ಲ ಪಕ್ಕದ ಮನೆಗೆ ಸಾಗಿಸಿ ಆಯ್ತು. ಸಾಯಂಕಾಲದಿಂದ ಕೆಳಗೆ ಜಾಕಿ ನಿಲ್ಲಿಸ್ತಿದ್ದಾರೆ, ಅಣ್ಣನ ಮಗ ಮೇಲಿನ ನೇರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡ್ತಿದ್ದಾನೆ.