ಮಳೆ ಗಾಳಿಗೆ ತಡೆಯುವ ಧರಣಿ ಫಲಕವನ್ನು ಯಾವುದರಿಂದ ಮಾಡುವುದು?

ಪ್ರಶ್ನೆ:
ನಮ್ಮ ಬಡಾವಣೆಯ ಕೆರೆಯನ್ನು ಉಳಿಸಬೇಕೆಂದು ಮುಂದಿನ ವಾರ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರುತ್ತಿದ್ದೇವೆ. ಕಳೆದ ಸಲ ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದಿದ್ದ ಫಲಕಗಳು ಸಂಜೆಯ ಮಳೆಗೆ ಮೆತ್ತಗಾಗಿ, ‘ಕೆರೆ’ ಎಂಬ ಅಕ್ಷರಗಳೇ ನೀಲಿ ನೀರಾಗಿ ನನ್ನ ಮೊಣಕೈವರೆಗೆ ಇಳಿದವು. ಫ್ಲೆಕ್ಸ್ ನಮಗೆ ಬೇಡ. ಕರ್ನಾಟಕದಲ್ಲಿ ಅದಕ್ಕೆ 2016ರಿಂದಲೇ ನಿಷೇಧವಿದೆ. ಬೇರೆ ಯಾವುದು ಗಟ್ಟಿಯಾಗಿ ನಿಲ್ಲುತ್ತದೆ, ದಯವಿಟ್ಟು ತಿಳಿಸಿ.

ಉತ್ತರ 1:
ಫ್ರಿಜ್ ಬರುವ ದಪ್ಪ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯವರಿಂದ ಕೇಳಿ ತನ್ನಿ. ರಟ್ಟು ಬಾಗುವುದು ಅದರೊಳಗಿನ ಸುಕ್ಕುಗೆರೆಯ ಗುಂಟವೇ ಆದ್ದರಿಂದ, ಒಂದರ ಗೆರೆ ಉದ್ದಕ್ಕೂ ಇನ್ನೊಂದರ ಗೆರೆ ಅಡ್ಡಕ್ಕೂ ಬರುವಂತೆ ಎರಡು ತುಂಡುಗಳನ್ನು ಫೆವಿಕಾಲ್ ಹಚ್ಚಿ ಅಂಟಿಸಿ, ಮೇಲೆ ಭಾರವಿಟ್ಟು ರಾತ್ರಿಯಿಡೀ ಬಿಟ್ಟರೆ, ಗಾಳಿಗೆ ಸುಲಭವಾಗಿ ಬಾಗದ ಹಲಗೆ ಸಿದ್ಧವಾಗುತ್ತದೆ. ಅಂಚಿಗೆ ಪ್ಯಾಕಿಂಗ್ ಟೇಪ್ ಸುತ್ತಲು ಮರೆಯಬೇಡಿ. ನೀರು ಮೊದಲು ಒಳನುಗ್ಗುವುದು ಅಲ್ಲಿಂದಲೇ.

ಉತ್ತರ 2:
ಸ್ಕೆಚ್ ಪೆನ್ ಖಂಡಿತ ಬೇಡ. ಅಕ್ರಿಲಿಕ್ ಬಣ್ಣ ಒಮ್ಮೆ ಚೆನ್ನಾಗಿ ಒಣಗಿದರೆ ನೀರಿಗೆ ಕರಗುವುದಿಲ್ಲ.

ಉತ್ತರ 3:
ದೊಡ್ಡ ಬ್ಯಾನರ್‌ಗೆ ಹಳೆಯ ಪಂಚೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ನೆನೆದರೂ ಹರಿಯದು, ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಬಹುದು. ಹಿಡಿಕೆಗೆ ಮಾತ್ರ ದಪ್ಪ ದೊಣ್ಣೆ ಬಳಸಬೇಡಿ, ಪೊಲೀಸರು ತಡೆಯುವ ಸಂಭವವಿದೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಕೇಳಿ ನೋಡಿ. ಹಗುರವಾಗಿದ್ದು ಗಟ್ಟಿಯಾಗಿಯೂ ಇರುತ್ತದೆ.