ಅಪ್‌ಡೇಟ್: ಬ್ಲಾಕ್‌ಚೈನ್ ಕೋಡಿಂಗ್‌ಗೆ ಲ್ಯಾಪ್‌ಟಾಪ್ ರೆಡಿ

16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಬರೆಯೋಕೆ ಆಗುತ್ತಾ, ಗ್ರಾಫಿಕ್ಸ್ ಕಾರ್ಡ್ ಬೇಕಾ ಅಂತ ಕೇಳಿದ್ದೆ ಅಲ್ವಾ? ಆರಾಮಾಗಿ ಆಗುತ್ತೆ. ಕಾರ್ಡ್ ಬೇಡವೇ ಬೇಡ. ನಾನು ಕೋಡ್ ಬರೆಯುವ ಬ್ಲಾಕ್‌ಚೈನ್ ಇಥೀರಿಯಂನಲ್ಲಿ, ಗ್ರಾಫಿಕ್ಸ್ ಕಾರ್ಡ್ ಬಳಸಿ ಹೊಸ ಬ್ಲಾಕ್ ಸೇರಿಸುವ ಮೈನಿಂಗ್ 2022ರ ಸೆಪ್ಟೆಂಬರ್‌ನಿಂದ ಇಲ್ಲವೇ ಇಲ್ಲ. ಇದ್ದಾಗಲೂ ಕೋಡ್ ಬರೆಯುವವರಿಗೆ ಕಾರ್ಡ್‌ನ ಅಗತ್ಯ ಇರಲಿಲ್ಲ.

ನೀವೆಲ್ಲ ಹೇಳಿದ ಹಾಗೆ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ), ಅದರೊಳಗೆ ಉಬುಂಟು ಎಂಬ ಲಿನಕ್ಸ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ, ಸ್ಮಾರ್ಟ್ ಕಾಂಟ್ರಾಕ್ಟ್ ಬರೆದು ಪರೀಕ್ಷಿಸುವ ಸಾಧನಗಳಿರುವ ಫೌಂಡ್ರಿ ಹಾಕಿಕೊಂಡೆ. ಎಡಿಟರ್ ವಿಎಸ್ ಕೋಡ್. ಪ್ರಾಜೆಕ್ಟನ್ನು ಸಿ ಡ್ರೈವ್ ಬಿಟ್ಟು ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಎರಡೂ ಕಡೆ ಇಟ್ಟು ನೋಡಿದೆ, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಫೌಂಡ್ರಿ ಜೊತೆಗೇ ಬರುವ ಆ್ಯನ್ವಿಲ್. ಟರ್ಮಿನಲ್‌ನಲ್ಲಿ ಅದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, 8545 ಪೋರ್ಟ್‌ನಲ್ಲಿ ನಮ್ಮದೇ ಪುಟ್ಟ ಚೈನ್ ಶುರು. ಹತ್ತು ಖಾತೆ, ಒಂದೊಂದರಲ್ಲೂ 10,000 ಈಥರ್ (ಇಥೀರಿಯಂನ ನಾಣ್ಯ)! (ಸುಮ್ನೆ ಆಟದ ದುಡ್ಡು, ಹಿಗ್ಗಬೇಡಿ.) ಟ್ರಾನ್ಸಾಕ್ಷನ್ ಕಳಿಸಿದ ತಕ್ಷಣ ಬ್ಲಾಕ್ ಆಗುತ್ತೆ, ಕಾಯೋದೇ ಇಲ್ಲ. ಆದರೆ ಅಲ್ಲಿ ತೋರಿಸುವ ಪ್ರೈವೇಟ್ ಕೀಗಳು (ಖಾತೆಯ ಹಣ ತೆಗೆಯೋಕೆ ಬೇಕಾದ ಗುಟ್ಟಿನ ಸಂಕೇತಗಳು) ಎಲ್ಲರ ಕಂಪ್ಯೂಟರ್‌ನಲ್ಲೂ ಅವೇ, ಜಗತ್ತಿಗೇ ಗೊತ್ತಿರುವಂಥವು. ಆ ವಿಳಾಸಗಳಿಗೆ ನಿಜವಾದ ಹಣ ಹಾಕಿದರೆ ಹೋಯ್ತು ಅಂತಲೇ ಲೆಕ್ಕ.

ಸ್ವಂತ ಫುಲ್ ನೋಡ್ (ಇಥೀರಿಯಂನ ಡೇಟಾ ಇಟ್ಟುಕೊಂಡು ಬ್ಲಾಕ್‌ಗಳನ್ನು ತಾನೇ ಪರಿಶೀಲಿಸುವ ಸಾಫ್ಟ್‌ವೇರ್) ಓಡಿಸುವ ಸಲಹೆ ಮಾತ್ರ ಕೈಬಿಟ್ಟೆ. ಈ 512 ಜಿಬಿಯಲ್ಲಿ ಅದು ಹಿಡಿಯಲ್ಲ, ಕಲಿಯೋಕೆ ಬೇಕಾಗಿಯೂ ಇಲ್ಲ.

ಮುಂದಿನದು ಸೆಪೋಲಿಯಾ ಟೆಸ್ಟ್‌ನೆಟ್, ಅಂದರೆ ನಿಜವಾದ ಹಣವಿಲ್ಲದೆ ಪ್ರಯೋಗ ಮಾಡುವ ಇಥೀರಿಯಂ ಜಾಲ. ಅದಕ್ಕೆ ಬೇರೆ ಬ್ರೌಸರ್ ಪ್ರೊಫೈಲ್‌ನಲ್ಲಿ ಹೊಸ ವಾಲೆಟ್ (ಕೀಗಳನ್ನು ಇಟ್ಟುಕೊಳ್ಳುವ ಆ್ಯಪ್) ಮಾಡಿಟ್ಟಿದ್ದೇನೆ. ಗುಟ್ಟಿನ ಕೀಗಳನ್ನು ಇಡುವ ಎನ್ವಿ ಫೈಲ್ ಕೋಡ್ ಜೊತೆ ಹೊರಗೆ ಹೋಗದ ಹಾಗೆ, ಅದನ್ನು ಗಿಟ್‌ಇಗ್ನೋರ್‌ಗೂ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ಸೇರಿಸಿ ಆಯ್ತು.