ಚೀಸ್ ತುರಿಯುವುದೋ, ಹೆರೆಯುವುದೋ, ಬಿಲ್ಲೆ ಮಾಡುವುದೋ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬೇಕರಿ ಕೆಲಸ ಕಲಿಯುವವರಿಗಾಗಿ ವೆಜ್ ಚೀಸ್ ಗ್ರಿಲ್ಡ್ ಸ್ಯಾಂಡ್‌ವಿಚ್ ಬಗ್ಗೆ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಇಂಗ್ಲಿಷ್ ಮೂಲದಲ್ಲಿ ಗ್ರೇಟ್, ಶ್ರೆಡ್, ಶೇವ್, ಸ್ಲೈಸ್ ಅಂತ ನಾಲ್ಕು ಕ್ರಿಯಾಪದಗಳಿವೆ. ನಮ್ಮ ಕರಡಿನಲ್ಲಿ ಮೊದಲ ಮೂರಕ್ಕೂ ‘ತುರಿಯಿರಿ’ ಎಂದೇ ಬಂದಿದೆ, ನಾಲ್ಕನೆಯದಕ್ಕೆ ‘ಹೋಳು ಮಾಡಿ’. ಇಷ್ಟು ಸಾಕೆ? ‘ಚೀಸ್ ಕರಗುವವರೆಗೆ ಬಿಸಿ ಮಾಡಿ’ ಅನ್ನುವುದು ಸರಿಯೇ? ಚೀಸ್‌ಗೆ ‘ಗಿಣ್ಣು’ ಎಂದೇ ಬರೆಯಬೇಕೆಂಬ ಸಲಹೆಯೂ ಬಂದಿದೆ.

ಉತ್ತರ 1:

ಗಿಣ್ಣು ಬೇಡ. ಕೆಲವು ನಿಘಂಟುಗಳು ಆ ಅರ್ಥ ಕೊಡುತ್ತವೆ ನಿಜ. ಆದರೆ ಗಿಣ್ಣು ಅಂದಾಗ ಓದುಗರ ಕಣ್ಣಿಗೆ ಬರುವುದು ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ತಿಂಡಿ. ಅದನ್ನು ಬ್ರೆಡ್ಡಿನ ಮಧ್ಯೆ ಇಡುವ ಯೋಚನೆ ಯಾರಿಗೂ ಬಾರದು. ಚೀಸ್ ಚೀಸೇ ಇರಲಿ.

‘ಹೋಳು’ ಅಂದರೆ ಸಾಂಬಾರಿಗೆ ಹೆಚ್ಚಿದ ಗಾತ್ರ. ಕಲಿಯುವ ಹುಡುಗ ಅದನ್ನೋದಿ ಅರ್ಧ ಇಂಚಿನ ತುಂಡು ಮಾಡಿಟ್ಟರೆ ಬ್ರೆಡ್ ಕೆಂಪಗಾಗಿ ಕರಿ ಹತ್ತುವ ಹೊತ್ತಿಗೂ ತುಂಡಿನ ನಡು ಗಟ್ಟಿಯಾಗಿಯೇ ಇರುತ್ತದೆ. ‘ಎರಡು ಮಿಲಿಮೀಟರ್ ದಪ್ಪದ ಬಿಲ್ಲೆ’ ಅನ್ನಿ. ಪೊಟ್ಟಣದಲ್ಲಿ ಬರುವುದಕ್ಕೆ ಸ್ಲೈಸ್ ಅಂದರೇ ಎಲ್ಲರಿಗೂ ಗೊತ್ತು.

ಮೊದಲ ಮೂರನ್ನು ಒಂದೇ ಮಾಡಿದ್ದರಲ್ಲಿ ನಿಜವಾದ ತೊಂದರೆ ಇದೆ, ಯಾಕೆಂದರೆ ಮೂರರ ಚೀಸೂ ಬೇರೆ. ಪ್ರೊಸೆಸ್ಡ್ ಚೀಸ್ ಅನ್ನು ತುರಿಯುವುದು ಸರಿ. 25 ಗ್ರಾಮಿನ ಎರಡು ಕ್ಯೂಬ್ ತುರಿದರೆ ಎರಡು ಬ್ರೆಡ್ಡಿನ ಒಂದು ಸ್ಯಾಂಡ್‌ವಿಚ್ಚಿಗೆ ಧಾರಾಳ. ಹೊರಗಿಟ್ಟು ಮೆತ್ತಗಾದ ಚೀಸ್ ತುರಿಮಣೆಯ ತೂತಿಗೆ ಮೆತ್ತಿಕೊಂಡು ಮುದ್ದೆಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು, ಮಣೆಗೆ ಒಂದು ಹನಿ ಎಣ್ಣೆ ಸವರಿ, ದಪ್ಪ ತೂತಿನ ಕಡೆ ತುರಿಯಬೇಕು. ಸಣ್ಣ ತೂತಿನಲ್ಲಿ ತುರಿದರೆ ಪುಡಿಪುಡಿಯಾಗಿ ಕೈಯಲ್ಲೇ ಅಂಟಿ ಉಂಡೆ ಕಟ್ಟುತ್ತದೆ.

ಶ್ರೆಡ್ ಅಂದದ್ದು ಮೊಝರೆಲ್ಲಾಗೆ. ಅದಕ್ಕೆ ‘ಎಳೆಎಳೆಯಾಗಿ’ ಅಂತ ಸೇರಿಸಿದರೆ ಸಾಕು. ನೀರಿನಲ್ಲಿಟ್ಟು ಮಾರುವ ಹಸಿ ಮೊಝರೆಲ್ಲಾ ಆದರೆ ತುರಿಯಲೂ ಬಾರದು. ಕೈಯಲ್ಲಿ ಹರಿದು, ಬಟ್ಟೆಯ ಮೇಲೆ ಕಾಲು ಗಂಟೆ ನೀರು ಇಳಿಯಲು ಬಿಡಬೇಕು, ಇಲ್ಲದಿದ್ದರೆ ಬ್ರೆಡ್ಡಿನ ತಳ ಒದ್ದೆಮುದ್ದೆ. ಶೇವ್ ಇರುವುದು ಪಾರ್ಮೆಸಾನ್‌ನಂಥ ಗಟ್ಟಿ ಚೀಸ್‌ಗೆ. ಅದಕ್ಕೆ ‘ಹೆರೆಯಿರಿ’. ತಿಂಗಳುಗಟ್ಟಲೆ ಇಟ್ಟು ಹಣ್ಣಾಗಿಸಿದ ಚೀಸ್ ಅದು. ಎಳೆ ಬರುವುದಿಲ್ಲ, ರುಚಿಗೆ ಮಾತ್ರ.

ಮರುಪ್ರಶ್ನೆ:

ಹೆರೆಯುವುದು ಅಂದರೆ ಕುಂದಾಪುರದ ಕಡೆ ಕಾಯಿ ತುರಿಯುವುದೇ ಅಲ್ಲವೇ? ಮಣೆಗೂ ಹೆರೆಮಣೆ ಅನ್ನುತ್ತಾರೆ. ಆ ಕಡೆಯ ಹುಡುಗರು ಎರಡನ್ನೂ ಒಂದೇ ಅಂದುಕೊಂಡರೆ? ಕರಗುವುದರ ಬಗ್ಗೆ ತಾವೇನೂ ಹೇಳಲಿಲ್ಲ.

ಉತ್ತರ 2:

ಮೇಲಿನ ಆಕ್ಷೇಪ ಸರಿ. ಕ್ರಿಯಾಪದದ ಜೊತೆ ಉಪಕರಣವನ್ನೂ ಹೇಳಿಬಿಟ್ಟರೆ ಗೊಂದಲ ಇರುವುದಿಲ್ಲ: ‘ತುರಿಮಣೆಯ ದಪ್ಪ ತೂತಿನಲ್ಲಿ ತುರಿಯಿರಿ’, ‘ಸಿಪ್ಪೆ ತೆಗೆಯುವ ಪೀಲರ್‌ನಲ್ಲಿ ತೆಳ್ಳಗೆ ಹೆರೆಯಿರಿ’. ಪ್ರಾಂತ್ಯ ಯಾವುದಾದರೂ ಕೈ ತಪ್ಪದು.

‘ಕರಗುವವರೆಗೆ’ ಎಂಬುದು ಶುರುವಿಗೆ ಸರಿ, ನಿಲ್ಲಿಸುವುದು ಯಾವಾಗ ಎಂದು ಹೇಳುವುದಿಲ್ಲ. ಉಪ್ಪು ನೀರಲ್ಲಿ ಕರಗುತ್ತದೆ, ತುಪ್ಪ ಬಿಸಿಗೆ ಕರಗುತ್ತದೆ, ಎರಡಕ್ಕೂ ನಾವು ಅದೇ ಪದ ಹಾಕುತ್ತೇವೆ. ಚೀಸ್ ಹಾಗೆ ಪೂರ್ತಿ ನೀರಾಗುವ ವಸ್ತು ಅಲ್ಲ. ಅದರ ಪ್ರೋಟೀನ್ ಬಲೆ ಸಡಿಲವಾಗಿ ಹರಡುತ್ತದೆ, ಇನ್ನೂ ಕಾಯಿಸಿದರೆ ಅದೇ ಬಲೆ ಬಿಗಿದುಕೊಂಡು ಕೊಬ್ಬನ್ನು ಹಿಂಡಿ ಹೊರಹಾಕುತ್ತದೆ. ಒಗ್ಗರಣೆ ಮಸಾಲೆಗೆ ಹೇಳುವ ಪದವೇ ಇಲ್ಲಿಗೂ ಸಲ್ಲುತ್ತದೆ: ಎಣ್ಣೆ ಬಿಡುತ್ತದೆ. ಒಂದೇ ವ್ಯತ್ಯಾಸ, ಮಸಾಲೆ ಎಣ್ಣೆ ಬಿಟ್ಟರೆ ಅಡುಗೆ ಆಯಿತು ಅಂತ, ಚೀಸ್ ಎಣ್ಣೆ ಬಿಟ್ಟರೆ ಕೆಟ್ಟಿತು ಅಂತ. ಹಣ್ಣಾದ ಚೆಡ್ಡಾರ್ ಬೇಗ ಎಣ್ಣೆ ಬಿಡುತ್ತದೆ. ಪ್ರೊಸೆಸ್ಡ್ ಚೀಸ್ ಸುಲಭಕ್ಕೆ ಬಿಡುವುದಿಲ್ಲ, ಅದರಲ್ಲಿ ಸೋಡಿಯಂ ಸಿಟ್ರೇಟ್, ಫಾಸ್ಫೇಟ್‌ನಂಥ ಲವಣಗಳು ಕೊಬ್ಬು ಮತ್ತು ನೀರನ್ನು ಹಿಡಿದಿಟ್ಟಿರುತ್ತವೆ. ಪೊಟ್ಟಣದ ಮೇಲೆ 331, 339 ಅಂತ ಇರುವ ಅಂಕಿ ಇವೇ.

ಆದ್ದರಿಂದ ಕೈಪಿಡಿಯಲ್ಲಿ ‘ತುರಿ ಆಕಾರ ಕಳೆದುಕೊಂಡು ಮೇಲ್ಮೈ ಹೊಳೆಯುವವರೆಗೆ’ ಎಂದು ಬರೆಯಿರಿ. ಮಂದ ಉರಿ, ಮುಚ್ಚಳ ಮುಚ್ಚಿ, ಒಂದೊಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು. ಜೋರು ಉರಿಯಲ್ಲಿ ಬ್ರೆಡ್ ಮೊದಲು ಸೀದು ಚೀಸ್ ಆಮೇಲೆ ಕರಗುತ್ತದೆ.

ಜೋಡಿಸುವ ಕ್ರಮವನ್ನೂ ಕರಡು ಬಿಟ್ಟಿದೆ ಅನ್ನಿಸುತ್ತದೆ. ತುರಿಯನ್ನು ಎರಡು ಪಾಲು ಮಾಡಿ, ಚಟ್ನಿ ಸವರಿದ ಬ್ರೆಡ್ಡಿನ ಮೇಲೆ ಒಂದು, ತರಕಾರಿಯ ಮೇಲೆ ಇನ್ನೊಂದು. ಕರಗಿದ ಚೀಸೇ ಅಂಟು, ಅದು ಎರಡೂ ಕಡೆ ಇರದಿದ್ದರೆ ಕತ್ತರಿಸುವಾಗ ಆಲೂಗೆಡ್ಡೆ, ಸೌತೆಕಾಯಿ ಜಾರಿ ಬೀಳುತ್ತವೆ. ಅಂಚಿನಿಂದ ಅರ್ಧ ಸೆಂಟಿಮೀಟರ್ ಬಿಡಿ, ಇಲ್ಲದಿದ್ದರೆ ಚೀಸ್ ತವಾಕ್ಕೆ ಹರಿದು ಕರಕಲಾಗುತ್ತದೆ. ಟೊಮ್ಯಾಟೊ ಬಿಲ್ಲೆಗಳನ್ನು ಬಟ್ಟೆಯಲ್ಲಿ ಒತ್ತಿ ರಸ ತೆಗೆಯಬೇಕು, ಮೇಲೆ ಉಪ್ಪು ಹಾಕಬಾರದು. ಚೀಸ್‌ನಲ್ಲೇ ಉಪ್ಪಿದೆ, ಮತ್ತೆ ಹಾಕಿದರೆ ತರಕಾರಿ ನೀರು ಬಿಡುತ್ತದೆ. ಗ್ರಿಲ್ ಮಾಡದ ತಣ್ಣನೆಯ ಸ್ಯಾಂಡ್‌ವಿಚ್ಚಿಗೆ ಮಾತ್ರ ತುರಿ ಸಲ್ಲದು, ಕಚ್ಚಿದರೆ ಉದುರುತ್ತದೆ. ಅಲ್ಲಿ ಬಿಲ್ಲೆಯೇ ಸರಿ.

ಇನ್ನೊಂದು: ‘ಚೀಸ್ ಅಥವಾ ಪನೀರ್’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಬೇರ್ಪಡಿಸಿ. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಒಣಗಿ ಗಟ್ಟಿಯಾಗುತ್ತದಷ್ಟೆ. ಅದಕ್ಕೆ ‘ಪುಡಿ ಮಾಡಿ’ ಅಂತಲೇ ಇರಲಿ, ‘ಕರಗುವವರೆಗೆ’ ಬೇಡ.